ಪುಷ್ಟಿ ಪೊಟ್ಟಣ ಯಾರ ಪಾಲು?

ಪ್ರಶ್ನೆ: ಎರಡು ವರ್ಷದ ಮೊಮ್ಮಗಳಿಗೆ ಅಂಗನವಾಡಿಯಿಂದ ಪುಷ್ಟಿ (ಪೌಷ್ಟಿಕ ಆಹಾರದ ಪುಡಿ) ಪೊಟ್ಟಣ ತರುತ್ತಿದ್ದರೂ ತೂಕ ಏರುತ್ತಿಲ್ಲ. ಯೋಜನೆಯಿಂದ ಪ್ರಯೋಜನವಿದೆಯೇ?
– ಓದುಗರೊಬ್ಬರು, ಮಳವಳ್ಳಿ

ಉತ್ತರ: ರಾಜ್ಯದಲ್ಲಿ ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರಲ್ಲಿ ಮೊದಲು ಆರಂಭವಾದದ್ದು ನಿಮ್ಮ ನೆರೆಯ ತಿ.ನರಸೀಪುರದಲ್ಲೇ, ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಶೇ 35ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಮೂರು ವರ್ಷ ದಾಟಿದವರು ಅಂಗನವಾಡಿಯಲ್ಲೇ ಕುಳಿತು ಉಣ್ಣುತ್ತಾರೆ. ಅದಕ್ಕಿಂತ ಚಿಕ್ಕವರ ಪಾಲು ಮನೆಗೆ ಬಂದು, ಅಕ್ಕಂದಿರ ತಟ್ಟೆಗೂ ಅಜ್ಜನ ಲೋಟಕ್ಕೂ ಹಂಚಿಹೋಗುತ್ತದೆ (ಮನೆಯೆಂದರೆ ಹಾಗೆಯೇ, ದೂರುತ್ತಿಲ್ಲ). ಪುಟ್ಟ ಹೊಟ್ಟೆಗೆ ನೀರುಗಂಜಿ ಸಾಲದು. ಗಟ್ಟಿಯಾದ ರಾಗಿ ಸರಿಗೆ ಒಂದು ಚಮಚ ತುಪ್ಪ ಬೆರೆಸಿ, ದಿನಕ್ಕೆ ನಾಲ್ಕೈದು ಬಾರಿ ತಿನ್ನಿಸಿ. ಪದೇ ಪದೇ ಭೇದಿಯಾಗುತ್ತಿದ್ದರೆ ಉಂಡದ್ದು ಮೈಗೆ ಹತ್ತುವುದಿಲ್ಲ. ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಅದು ತೀವ್ರ ಅಪೌಷ್ಟಿಕತೆಯ ಗುರುತು; ತಡಮಾಡದೆ ಅಂಥ ಮಕ್ಕಳಿಗೆ ಚಿಕಿತ್ಸೆ ನೀಡುವ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕರೆದೊಯ್ಯಿರಿ.