ಇಂಟರ್‌ಮಿಟೆಂಟ್ ಫಾಸ್ಟಿಂಗ್ ಮಾಡುವಾಗ ಯಾವ ಹೊತ್ತಿಗೆ ಉಂಡರೆ ಸರಿ?

16:8 ಎಂದು, ಅಂದರೆ ದಿನಕ್ಕೆ 16 ಗಂಟೆ ಉಪವಾಸ ಇದ್ದು ಉಳಿದ 8 ಗಂಟೆ, ಮಧ್ಯಾಹ್ನ 12ರಿಂದ ರಾತ್ರಿ 8ರ ಒಳಗೆ ಮಾತ್ರ ತಿನ್ನಲು ಶುರು ಮಾಡಿ ಎರಡು ವಾರ ಆಯಿತು ಎಂದಿದ್ದೀರಿ. 11 ಗಂಟೆಗೆಲ್ಲ ತಲೆನೋವು, ಕೈ ನಡುಕ. ಮನೆಯಲ್ಲಿ ಎಲ್ಲರೂ ಉಣ್ಣುವುದು ರಾತ್ರಿ ಒಂಬತ್ತೂವರೆಗೆ. ಯಾವ ಟೈಮ್ ಇಟ್ಟುಕೊಳ್ಳಲಿ ಎಂದು ಕೇಳಿದ್ದೀರಿ.

ಟೈಮ್ ಆಮೇಲೆ ನೋಡೋಣ, ಮೊದಲು ಆ ಕೈ ನಡುಕ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್ ಥರದ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ? ಹಾಗಿದ್ದರೆ ಈ ಉಪವಾಸವನ್ನು (ಔಷಧಿಯನ್ನಲ್ಲ) ಇವತ್ತೇ ನಿಲ್ಲಿಸಿ, ಡಾಕ್ಟರನ್ನು ಕೇಳಿ. ಅಂಥ ಔಷಧಿ ತೆಗೆದುಕೊಂಡು ಊಟ ತಪ್ಪಿಸಿದರೆ ರಕ್ತದಲ್ಲಿ ಸಕ್ಕರೆ ಅಪಾಯ ಆಗುವಷ್ಟು ಇಳಿಯಬಹುದು. ಬಸುರಿಯರು, ಮಗುವಿಗೆ ಹಾಲು ಕೊಡುವವರು ಇದರ ತಂಟೆಗೇ ಹೋಗಬಾರದು. ತಲೆನೋವಿಗೆ ಕಾಫಿ ಬಿಟ್ಟಿದ್ದೂ ಕಾರಣ ಇರಬಹುದು. ಆದರೆ ಕಾಫಿ ಬಿಟ್ಟ ತಲೆನೋವು ಸಾಮಾನ್ಯವಾಗಿ ಒಂದು ವಾರದ ಒಳಗೆ, ಹೆಚ್ಚೆಂದರೆ ಇನ್ನೆರಡು ದಿನಕ್ಕೆ ಹೋಗುತ್ತದೆ. ಎರಡು ವಾರ ಆದರೂ ಹೋಗಿಲ್ಲ ಎಂದರೆ ಆ ಹೊತ್ತು ನಿಮಗೆ ಹೊಂದುತ್ತಿಲ್ಲ.

ನನಗೂ ಹೊಂದಲಿಲ್ಲ. ನಾನು ತಿಪಟೂರು ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ಟೀಚರ್. ವಯಸ್ಸು 46, ಶುರು ಮಾಡಿದಾಗ ತೂಕ 74 ಕೆಜಿ. ಯಾವುದೋ ವಿಡಿಯೋ ನೋಡಿ ನಾನೂ 12ರಿಂದ 8 ಎಂದು ಹೊರಟೆ. ಶಾಲೆಯಲ್ಲಿ 12 ಗಂಟೆಗೆ ಊಟಕ್ಕೆ ಕೂರಲು ಆಗುತ್ತದಾ? ಬಿಡುವು ಸಿಗುವುದೇ ಒಂದೂವರೆ ಹತ್ತಿರ. ಬೆಳಗ್ಗೆ ಮಕ್ಕಳಿಗೆ ಬಿಸಿ ಹಾಲು ಕೊಡುವಾಗ ಅದರ ಘಮ, 12ರಿಂದ ಬಿಸಿಯೂಟದ ಸಾಂಬಾರಿನ ಒಗ್ಗರಣೆ ವಾಸನೆ. ನಾಲ್ಕನೇ ಪೀರಿಯಡ್‌ನಲ್ಲಿ ಗಂಟಲು ಒಣಗಿ, ಭಿನ್ನರಾಶಿ ಲೆಕ್ಕ ತಪ್ಪಿದ ಹುಡುಗನಿಗೆ ಸುಮ್ನೆ ರೇಗುತ್ತಿದ್ದೆ. ಇದರ ಜೊತೆಗೆ ಇನ್ನೊಂದು. ಮಕ್ಕಳಿಗೆ ಬಡಿಸುವ ಮುಂಚೆ ಟೀಚರೊಬ್ಬರು ಊಟದ ರುಚಿ ನೋಡಬೇಕು, ಅದು ನಿಯಮ. ನನ್ನ ಸರದಿ ಬಂದ ದಿನ ಒಂದು ಸೌಟು ಅನ್ನ ಸಾಂಬಾರು ತಟ್ಟೆಗೆ ಹಾಕಿಕೊಂಡರೆ ಒಂದು ತುತ್ತಿಗೆ ಯಾವತ್ತೂ ನಿಲ್ಲಲಿಲ್ಲ. ಮೂರು ವಾರಕ್ಕೆ ಕೈಬಿಟ್ಟೆ.

ಆಮೇಲೆ ಬುದ್ಧಿ ಬಂದು ಒಂದು ಹಳೇ ನೋಟ್‌ಬುಕ್ ತೆಗೆದೆ. ಒಂದು ವಾರ ಏನನ್ನೂ ಬದಲಾಯಿಸದೆ, ಬಾಯಿಗೆ ಏನು ಹೋದರೂ ಟೈಮ್ ಬರೆದೆ. 6:10ಕ್ಕೆ ಕಾಫಿ. ಬುತ್ತಿ ಕಟ್ಟುವಾಗ ಒಂದು ಚಮಚ ಚಿತ್ರಾನ್ನ. ಸ್ಟಾಫ್ ರೂಮಿನಲ್ಲಿ ಯಾರದೋ ಹುಟ್ಟುಹಬ್ಬದ ಮೈಸೂರು ಪಾಕ್. ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಬೋಂಡಾ. ರಾತ್ರಿ 10:20ಕ್ಕೆ ಟಿವಿ ಮುಂದೆ ಒಂದು ಹಿಡಿ ಕಡ್ಲೆಪುರಿ. ಲೆಕ್ಕ ಹಾಕಿದರೆ 16 ಗಂಟೆ ತಿನ್ನುವುದು, 8 ಗಂಟೆ ಬಿಡುವು. ಅಂದರೆ ನಾನು ಆಗಲೇ 16:8 ಮಾಡುತ್ತಿದ್ದೆ, ಉಲ್ಟಾ ಅಷ್ಟೇ!

ನೀವೂ ಇದೊಂದು ವಾರ ಬರೆಯಿರಿ. ಬರೆದದ್ದು ನೋಡಿದರೆ ದಿನದಲ್ಲಿ ಯಾವ ಊಟ ಬಿಡಲು ಆಗುವುದೇ ಇಲ್ಲ ಎಂದು ಗೊತ್ತಾಗುತ್ತದೆ. ಅದನ್ನು ಗೂಟದ ಹಾಗೆ ನೆಟ್ಟು, ಗಂಟೆಗಳನ್ನು ಅಲ್ಲಿಂದ ಎಣಿಸಿ. ನನಗೆ ಅದು ಬೆಳಗ್ಗೆ 8ರ ತಿಂಡಿ. ಅದಿಲ್ಲದೆ ಪಾಠ ಮಾಡಲು ಆಗಲ್ಲ. ಅಲ್ಲಿಂದ ಹತ್ತು ಗಂಟೆ ಎಣಿಸಿದರೆ ಸಂಜೆ 6. ಶಾಲೆ ಬಿಟ್ಟು ಮನೆ ಸೇರುವಾಗ ಐದೂ ಕಾಲು. ಐದೂ ಮುಕ್ಕಾಲಿಗೆ ರಾತ್ರಿ ಊಟವನ್ನೇ ಮುಗಿಸಿಬಿಡುತ್ತೇನೆ. ಇದು 14:10. 16:8 ಅಲ್ಲವಲ್ಲ ಎಂದು ಮೊದಮೊದಲು ಬೇಜಾರಿತ್ತು, ಈಗಿಲ್ಲ.

ಮನೆಯಲ್ಲಿ ರಗಳೆ ಆಗಿದ್ದು ಮುದ್ದೆಯಿಂದ. ಬಸ್ಸಾರು ಒಂದು ಸಲ ಮಾಡಿಟ್ಟರೆ ಒಂಬತ್ತಕ್ಕೆ ಬಿಸಿ ಮಾಡಿಕೊಂಡು ಉಣ್ಣಬಹುದು. ಐದೂ ಮುಕ್ಕಾಲಿಗೆ ಕಟ್ಟಿದ ಮುದ್ದೆಯನ್ನು ಒಂಬತ್ತಕ್ಕೆ ಯಾರು ತಿನ್ನುತ್ತಾರೆ? ಎರಡು ಸಲ ಒಲೆ ಮುಂದೆ ನಿಲ್ಲಲು ನಾನು ತಯಾರಿರಲಿಲ್ಲ. ಕೊನೆಗೆ ಯಜಮಾನರೇ ಮುದ್ದೆ ಕೋಲು ಹಿಡಿದರು. ಮೊದಲ ವಾರ ಬರೀ ಗಂಟು, ಮುರಿದರೆ ಒಳಗೆ ಹಸಿ ಹಿಟ್ಟು. ಅತ್ತೆ ಒಂದು ಮಾತೂ ಆಡದೆ ಅನ್ನ ಹಾಕಿಸಿಕೊಂಡರು. ಈಗ ಯಜಮಾನರು ನನಗಿಂತ ನುಣ್ಣಗೆ ಕಟ್ಟುತ್ತಾರೆ, ಅದನ್ನು ದಿನಾ ಹೇಳಿಕೊಳ್ಳುತ್ತಾರೆ ಕೂಡ. ಅವರು ಉಣ್ಣುವಾಗ ನಾನು ಒಂದು ಲೋಟ ಜೀರಿಗೆ ನೀರು ಹಿಡಿದು ಜೊತೆಗೆ ಕೂರುತ್ತೇನೆ.

ಇನ್ನು ಅತ್ತೆಗೆ ಇದೆಲ್ಲ ತಮಾಷೆ. "ನಾನು ಮದುವೆ ಆದಾಗಿಂದ ಶನಿವಾರ ಒಪ್ಪತ್ತು ಮಾಡ್ತಿದೀನಿ, ಯಾವ ಮೊಬೈಲೂ ನೋಡಿಲ್ಲ" ಎನ್ನುತ್ತಾರೆ. ಒಪ್ಪತ್ತು ಎಂದರೆ ಅವರಿಗೆ ಮಧ್ಯಾಹ್ನ ಊಟ, ರಾತ್ರಿ ಫಲಾಹಾರ. ಆ ಫಲಾಹಾರದಲ್ಲಿ ತುಪ್ಪ ಹಾಕಿದ ಉಪ್ಪಿಟ್ಟು, ಬಾಳೆಹಣ್ಣು, ಹಾಲು ಎಲ್ಲ ಇರುತ್ತದೆ ಎಂದು ನಾನು ಬಾಯಿ ಬಿಟ್ಟು ಹೇಳಿಲ್ಲ.

ಅಧ್ಯಯನಗಳ ಬಗ್ಗೆಯೂ ಸ್ವಲ್ಪ ಓದಿದೆ. 2020ರಲ್ಲಿ ಅಮೆರಿಕದಲ್ಲಿ 116 ಜನರ ಮೇಲೆ ನಡೆದ ಒಂದು ಪ್ರಯೋಗದಲ್ಲಿ ನಿಮ್ಮದೇ ಟೈಮ್, 12ರಿಂದ 8. ಹನ್ನೆರಡು ವಾರ ಆದ ಮೇಲೆ ನೋಡಿದರೆ, ಮೂರು ಹೊತ್ತು ಉಂಡವರಿಗಿಂತ ಹೇಳಿಕೊಳ್ಳುವಷ್ಟು ಜಾಸ್ತಿ ತೂಕ ಇಳಿದಿರಲಿಲ್ಲ. 2022ರಲ್ಲಿ ಚೀನಾದಲ್ಲಿ 139 ಜನರ ಮೇಲೆ ಒಂದು ವರ್ಷ ಮಾಡಿದ್ದರಲ್ಲಿ ಎರಡೂ ಗುಂಪಿಗೆ ಕ್ಯಾಲೊರಿ ಒಂದೇ ಥರ ಕಡಿಮೆ ಮಾಡಿದ್ದರು, ಒಂದು ಗುಂಪು ಮಾತ್ರ 8ರಿಂದ 4ರ ಒಳಗೆ ತಿನ್ನುತ್ತಿತ್ತು. ಅಲ್ಲೂ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಅಂದರೆ ಗಡಿಯಾರದಲ್ಲಿ ಮಂತ್ರ ಇಲ್ಲ. ನಾನು ಏಳು ತಿಂಗಳಲ್ಲಿ 69 ಕೆಜಿಗೆ ಬಂದೆ ನಿಜ, ಆದರೆ ಇಳಿಸಿದ್ದು ಬೋಂಡಾ ಮತ್ತು ಕಡ್ಲೆಪುರಿ ನಿಂತಿದ್ದು ಎಂದೇ ನನ್ನ ಗುಮಾನಿ. ಬೇಗ ಉಂಡು ಮುಗಿಸುವುದರಿಂದ ಇನ್ಸುಲಿನ್ ಕೆಲಸ, ಬಿಪಿ ಸುಧಾರಿಸಿದ್ದನ್ನು 2018ರ ಒಂದು ಅಧ್ಯಯನ ತೋರಿಸಿದೆ. ಅದರಲ್ಲಿ ಇದ್ದವರು ಬರೀ 8 ಗಂಡಸರು, ಜಾಸ್ತಿ ನೆಚ್ಚಿಕೊಳ್ಳಬೇಡಿ.

ನಿಮ್ಮ ವಿಷಯಕ್ಕೆ ಬರುತ್ತೇನೆ. ನಿಮ್ಮ ಮನೆಯಲ್ಲಿ ಗೂಟ ಆ ಒಂಬತ್ತೂವರೆ ಊಟವೇ ಇರಬಹುದು. ಹಾಗಿದ್ದರೆ ಅದನ್ನು 8ಕ್ಕೆ ಎಳೆಯಲು ಹೋಗಬೇಡಿ. ರಾತ್ರಿ ಒಂಬತ್ತೂವರೆಗೆ ಮುಗಿಸಿ, ಬೆಳಗ್ಗೆ ಒಂಬತ್ತೂವರೆಗೆ ತಿಂಡಿ. ಹನ್ನೆರಡು ಗಂಟೆ ಉಪವಾಸ ಆಯಿತು, ನಡುಕವೂ ಬರದೇ ಇರಬಹುದು. ಎರಡು ವಾರ ಹಾಗೇ ಇದ್ದು, ಬೇಕೆನಿಸಿದರೆ ತಿಂಡಿಯನ್ನು ಅರ್ಧ ಗಂಟೆ ಮುಂದಕ್ಕೆ ಹಾಕಿ, ಅಥವಾ ಮನೆಯವರನ್ನು ಒಪ್ಪಿಸಿ ಊಟವನ್ನು ಒಂಬತ್ತಕ್ಕೆ ತನ್ನಿ. ತಿಂಡಿ ಬರೀ ಚಿತ್ರಾನ್ನ, ಅವಲಕ್ಕಿ ಆದರೆ ತಿಂದ ಎರಡೇ ಗಂಟೆಯಲ್ಲಿ ಮತ್ತೆ ಹಸಿವು. ನಾನು ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಜೊತೆಗೆ ಮೊಳಕೆ ಕಾಳಿನ ಪಲ್ಯ ಇಲ್ಲವೇ ಒಂದು ಮೊಟ್ಟೆ ಇಟ್ಟುಕೊಳ್ಳುತ್ತೇನೆ. ಒಂದೂವರೆ ತನಕ ಯೋಚನೆ ಇಲ್ಲ.

ಉಪವಾಸದ ಹೊತ್ತಲ್ಲಿ ನೀರು, ಹಾಲೂ ಸಕ್ಕರೆಯೂ ಹಾಕದ ಕಾಫಿ ನಡೆಯುತ್ತದೆ. ಹಾಲು ಹಾಕಿದ ಫಿಲ್ಟರ್ ಕಾಫಿ ತಿಂದ ಲೆಕ್ಕಕ್ಕೆ ಬರುತ್ತದೆ, ಬೆಲ್ಲದ ಕಷಾಯವೂ ಬರುತ್ತದೆ. ನಮ್ಮ ಕಡೆಯವರು ಎಳನೀರನ್ನು ನೀರು ಎಂದೇ ಲೆಕ್ಕ ಹಾಕುತ್ತಾರೆ, ಅದರಲ್ಲೂ ಸಕ್ಕರೆ ಇದೆ. ನಾನು ಆರು ಗಂಟೆ ಕಾಫಿಯನ್ನು ಎಂಟಕ್ಕೆ, ತಿಂಡಿ ಜೊತೆಗೆ ಹಾಕಿದೆ. ಐದು ದಿನ ಕಷ್ಟ ಆಯಿತು.

ಮದುವೆ, ಬೀಗರೂಟ ಇದ್ದ ದಿನ ನಾನು ಟೈಮ್ ನೋಡುವುದಿಲ್ಲ. ಹೋದ ತಿಂಗಳು ತಂಗಿ ಮಗಳ ಬೀಗರೂಟದಲ್ಲಿ ಪಂಕ್ತಿಗೆ ಕೂತಿದ್ದೇ ಮಧ್ಯಾಹ್ನ ಮೂರೂವರೆಗೆ, ರಾತ್ರಿ ಹತ್ತಕ್ಕೆ ಉಳಿದ ಸಾರಿಗೆ ಇನ್ನೊಂದು ಸಲ ಮುದ್ದೆ. ಮಾರನೇ ದಿನ ಎಂಟಕ್ಕೆ ಎಂದಿನಂತೆ ರೊಟ್ಟಿ ತಟ್ಟಿದೆ.