ವರ್ಟಿಕಲ್ ಫೋಟೊ, ಕಿವಿ ಪಕ್ಕ ಕಪ್ಪು ನೆರಳು: ಬ್ರಾಕೆಟ್ ಬೇಕಾ?

ಪ್ರಶ್ನೆ: ಸರ್, ನಾನು ತೀರ್ಥಹಳ್ಳಿ ಕಡೆಯವನು. ಉಪನಯನ, ಗೃಹಪ್ರವೇಶ, ಮನೆ ಅಂಗಳದ ಮದುವೆಗಳಿಗೆ ಫೋಟೊ ತೆಗೆಯುತ್ತೇನೆ. ಕ್ಯಾಮೆರಾ ಮೇಲೆ ಫ್ಲಾಶ್ ಹಾಕಿ ಅಡ್ಡ ತೆಗೆದರೆ ಪರವಾಗಿಲ್ಲ. ಒಬ್ಬರದೇ ಫೋಟೊಗೆ ವರ್ಟಿಕಲ್ ಹಿಡಿದರೆ ಸಾಕು, ಕಿವಿ ಪಕ್ಕ ಗೋಡೆ ಮೇಲೆ ಗಟ್ಟಿ ನೆರಳು. ಫ್ಲಾಶನ್ನು ಮೇಲಕ್ಕೆ ಹೊಡೆದು ಬೆಳಕು ವಾಪಸ್ ಬರುವಂತೆ ಬೌನ್ಸ್ ಮಾಡೋಣ ಅಂದ್ರೆ ನಮ್ಮ ಮನೆಗಳಲ್ಲಿ ಮೇಲೆ ಮರದ ಮುಚ್ಚಿಗೆ. ಫ್ಲಾಶನ್ನು ಲೆನ್ಸಿನ ಮೇಲೆ ಹಿಡಿದಿಡುವ ಫ್ಲಾಶ್ ಬ್ರಾಕೆಟ್ ತಗೊಂಡ್ರೆ ಸರಿಹೋಗುತ್ತಾ?

ಉತ್ತರ: ಬ್ರಾಕೆಟ್‌ಗೆ ದುಡ್ಡು ಹಾಕುವ ಮುಂಚೆ ನಿಂತವರನ್ನು ಗೋಡೆಯಿಂದ ಐದಾರು ಅಡಿ ಮುಂದಕ್ಕೆ ಕರೆಯಿರಿ. ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ.

ಅಡ್ಡ ಹಿಡಿದಾಗ ಫ್ಲಾಶ್ ಲೆನ್ಸಿನ ಮೇಲಿರುತ್ತದೆ. ನೆರಳು ಹಿಂದೆ ಕೆಳಕ್ಕೆ ಬಿದ್ದು ಹೆಗಲ ಮರೆಗೆ ಹೋಗುತ್ತದೆ. ಬಲಗೈ ಮೇಲೆ ಬರುವಂತೆ ಕ್ಯಾಮೆರಾ ತಿರುಗಿಸಿದರೆ ಫ್ಲಾಶ್ ನಿಮ್ಮ ಎಡಕ್ಕೆ ಬರುತ್ತದೆ, ನೆರಳು ಬಲಕ್ಕೆ ಹೋಗಿ ಗೋಡೆಗೆ ಅಂಟುತ್ತದೆ. ಗೋಡೆ ದೂರವಾದರೆ ನೆರಳು ಫ್ರೇಮಿನಿಂದ ಆಚೆ ಸರಿಯುತ್ತದೆ, ಮಸುಕೂ ಆಗುತ್ತದೆ. ಜೊತೆಗೆ ಇನ್ನೊಂದು ಲಾಭ: ದೂರ ಎರಡರಷ್ಟಾದರೆ ಫ್ಲಾಶ್ ಬೆಳಕು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ನೀವು ಆರಡಿ ದೂರದಿಂದ ತೆಗೆಯುತ್ತಿದ್ದು, ಅವರ ಹಿಂದೆ ಗೋಡೆ ಇನ್ನೂ ಆರಡಿ ದೂರ ಇದ್ದರೆ, ಗೋಡೆಗೆ ಸಿಗುವುದು ಮುಖದ ಕಾಲು ಭಾಗದಷ್ಟೇ ಬೆಳಕು.

ಸಾಗರದ ಹತ್ತಿರ ಒಂದು ಮನೆಯಲ್ಲಿ ನಾನು ಅಜ್ಜಿಯೊಬ್ಬರ ಫೋಟೊ ತೆಗೆದಿದ್ದೆ. ಜಗಲಿಯ ಗೋಡೆಗೆ ಒರಗಿ ನಿಂತಿದ್ದರು. ಮುಖ ಎಷ್ಟು ಚೆನ್ನಾಗಿ ಬಂದಿತ್ತು! ಪಕ್ಕದಲ್ಲೇ ಅವರ ಬೆಂಡೋಲೆ, ತುರುಬಿನ ನೆರಳು, ಕತ್ತರಿಯಲ್ಲಿ ಕತ್ತರಿಸಿದ ಹಾಗೆ. ಅವರು ತೀರಿಕೊಂಡ ಮೇಲೆ ಮನೆಯವರು ಅದನ್ನೇ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದರು. ಈಗಲೂ ಆ ಮನೆಗೆ ಹೋದರೆ ನನ್ನ ಕಣ್ಣು ಮೊದಲು ಆ ನೆರಳಿಗೇ ಹೋಗುತ್ತದೆ. "ಅಜ್ಜಿ, ನಾಲ್ಕು ಹೆಜ್ಜೆ ಮುಂದೆ ಬನ್ನಿ" ಅಂದಿದ್ದರೆ ಆಗ್ತಿತ್ತು.

ಮುಚ್ಚಿಗೆ ವಿಷಯದಲ್ಲಿ ನೀವು ಹೇಳಿದ್ದು ಸರಿ. ಹೊಗೆ ಕುಡಿದು ಕಪ್ಪಾದ ಹಲಗೆ ಬೆಳಕನ್ನು ನುಂಗುತ್ತದೆ. ವಾಪಸ್ ಕೊಡುವ ಅಷ್ಟಿಷ್ಟೂ ಕಂದು ಬಣ್ಣದ್ದು. ಆದರೆ ಸುಣ್ಣ ಬಳಿದ ಗೋಡೆ ಇದೆಯಲ್ಲ! ಕ್ಯಾಮೆರಾ ವರ್ಟಿಕಲ್ ಇದ್ದಾಗ ಫ್ಲಾಶಿನ ತಲೆಯನ್ನು ಮಾಮೂಲಿನಂತೆ 90 ಡಿಗ್ರಿ ಎತ್ತಿ ನೋಡಿ. ಅದು ಮುಚ್ಚಿಗೆ ಬಿಟ್ಟು ಎಡಗಡೆ ಗೋಡೆಯನ್ನು ನೋಡುತ್ತದೆ. ಆ ಗೋಡೆ ಬಿಳಿಯಾಗಿದ್ದು ಐದರಿಂದ ಎಂಟು ಅಡಿ ಒಳಗಿದ್ದರೆ, ಗೋಡೆಯೇ ದೊಡ್ಡ ಕಿಟಕಿಯ ಹಾಗೆ ಬೆಳಕು ಕೊಡುತ್ತದೆ. ಮುಖ ಕೊಂಚ ಆ ಕಡೆಗೇ ತಿರುಗಿರಲಿ. ಶಿವಮೊಗ್ಗದ ಛತ್ರಗಳಂತೆ ಮೇಲೆ ಬಿಳಿ ಆರ್‌ಸಿಸಿ ಇದ್ದರೆ ಮಾತ್ರ ತಲೆಯನ್ನು ಎತ್ತದೆ, ಬಲಗೈ ಹಿಡಿತದ ಕಡೆಗೆ 90 ಡಿಗ್ರಿ ತಿರುಗಿಸಿ. ಅದು ನೇರ ಮೇಲಕ್ಕೆ ಹೋಗುತ್ತದೆ.

ಗೋಡೆಗೆ ಹಸಿರೋ ನೀಲಿಯೋ ಬಳಿದಿದ್ದರೆ ಆ ಬಣ್ಣ ಕೆನ್ನೆಗೂ ಬರುತ್ತದೆ. ಆಗ ಮನೆಯವರ ಹತ್ತಿರ ಒಂದು ಬಿಳಿ ಪಂಚೆ ಕೇಳಿ. ಇಬ್ಬರು ಹುಡುಗರು ಅಗಲವಾಗಿ ಬಿಡಿಸಿ ಹಿಡಿಯಲಿ, ಫ್ಲಾಶ್ ಅದರ ಮೇಲೆ ಹೊಡೆಯಿರಿ. ಥರ್ಮೋಕೋಲ್ ಶೀಟ್ ಆದರೂ ಆದೀತು, ಆದರೆ ಪಂಚೆ ಎಲ್ಲ ಮನೆಯಲ್ಲೂ ಸಿಗುತ್ತದೆ ಅಲ್ವಾ?

ಬೌನ್ಸ್‌ನಲ್ಲಿ ಎರಡು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧ ಆಗುವುದು), ಕೆಲವು ಸಲ ಇನ್ನೂ ಜಾಸ್ತಿ ಬೆಳಕು ಕಳೆದುಹೋಗುತ್ತದೆ. ಐಎಸ್‌ಒ 800 (ಸೆನ್ಸರ್ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಂಕೆ), ಎಫ್/4, ಶಟರ್ 1/125ರಿಂದ ಶುರು ಮಾಡಿ. ಐಎಸ್‌ಒ 100ರಲ್ಲೇ ಕೂತರೆ ಪ್ರತಿ ಸಲ ಫುಲ್ ಪವರ್ ಹೊಡೆದು ಫ್ಲಾಶ್ ಬಿಸಿಯಾಗುತ್ತದೆ, ಬ್ಯಾಟರಿ ಮಧ್ಯಾಹ್ನದೊಳಗೆ ಮುಗಿಯುತ್ತದೆ.

ಇನ್ನು ಬ್ರಾಕೆಟ್. ಧಾರೆಯ ಹೊತ್ತಿಗೆ ಜನರ ಮಧ್ಯೆ ಒಬ್ಬರೇ ನಿಂತು ಅಡ್ಡ, ಉದ್ದ ಎರಡೂ ತೆಗೆಯಬೇಕಾದರೆ ಅದು ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಕ್ಯಾಮೆರಾ ತಿರುಗಿದರೂ ಫ್ಲಾಶ್ ಲೆನ್ಸಿನ ಮೇಲೇ ಉಳಿಯುತ್ತದೆ. ಆದರೆ ಭಾರ, ಜೊತೆಗೆ ಫ್ಲಾಶನ್ನು ಕ್ಯಾಮೆರಾಕ್ಕೆ ಜೋಡಿಸುವ ಟಿಟಿಎಲ್ ಕೇಬಲ್ಲೂ ಬೇಕು. ಫ್ಲಾಶ್ ಅಡ್ಡವೇ ಉಳಿದು ಕ್ಯಾಮೆರಾ ಮಾತ್ರ ತಿರುಗುವ ಬ್ರಾಕೆಟ್ ಆದರೆ ಫ್ಲಾಶಿನ ಜೂಮ್ (ಬೆಳಕು ಹರಡುವ ಅಗಲ) ಒಂದು ಹೆಜ್ಜೆ ವೈಡ್ ಇಡಿ. ಇಲ್ಲದಿದ್ದರೆ ಫ್ರೇಮಿನ ಮೇಲೆ, ಕೆಳಗೆ ಕತ್ತಲಾಗುತ್ತದೆ. ಒಬ್ಬೊಬ್ಬರನ್ನೇ ನಿಲ್ಲಿಸಿ ತೆಗೆಯುವುದೇ ನಿಮ್ಮ ಹೆಚ್ಚಿನ ಕೆಲಸವಾದರೆ ಆ ದುಡ್ಡನ್ನು ವೈರ್‌ಲೆಸ್ ಟ್ರಿಗರ್‌ಗೆ ಹಾಕಿ ಅನ್ನುತ್ತೇನೆ. ಫ್ಲಾಶನ್ನು ಯಾರದಾದರೂ ಕೈಗೆ ಕೊಟ್ಟು, ತಲೆಗಿಂತ ಎತ್ತರದಲ್ಲಿ, ಪಕ್ಕದಿಂದ ಹಿಡಿಸಿ. ಮೂಗಿನ ನೆರಳು ಕೆನ್ನೆಗೆ ಸಣ್ಣದಾಗಿ ಇಳಿಯುತ್ತದೆ, ಮುಖಕ್ಕೆ ಆಕಾರ ಬರುತ್ತದೆ.

ಪ್ರಶ್ನೆ: ಅಡಿಕೆ ತೋಟದೊಳಗೆ ತೆಗೆದರೆ ಮುಖ ಹಸಿರಾಗುತ್ತದೆ. ಫ್ಲಾಶ್ ಹಾಕಬಹುದಾ? (ಹೊಸನಗರದ ಓದುಗರು)

ಉತ್ತರ: ಹಾಕಲೇಬೇಕು. ಅಲ್ಲಿ ಬೆಳಕು ಸೋಗೆಯ ಮೂಲಕ ಸೋಸಿ ಬರುತ್ತದೆ, ಹಸಿರು ಅದರಿಂದಲೇ. ಸುಮ್ನೆ ಸ್ವಲ್ಪ ಫ್ಲಾಶ್ ಸೇರಿಸಿದರೆ ಹಸಿರು ಪೂರ್ತಿ ಹೋಗುವುದಿಲ್ಲ. ಮೊದಲು ಫ್ಲಾಶ್ ಆಫ್ ಮಾಡಿ, ತೋಟ ಒಂದು ಸ್ಟಾಪ್ ಕಪ್ಪಾಗುವಂತೆ ಸೆಟ್ ಮಾಡಿ. ಶಟರ್ 1/200 ದಾಟಿಸಬೇಡಿ. ಆಮೇಲೆ ಫ್ಲಾಶ್ ಹಾಕಿ, ಮುಖಕ್ಕೆ ಮುಖ್ಯ ಬೆಳಕು ಅದರದ್ದೇ ಆಗಲಿ. ವೈಟ್ ಬ್ಯಾಲೆನ್ಸ್ ಆಟೋ ಬೇಡ, ಫ್ಲಾಶ್‌ಗೆ ಇಡಿ. ತೋಟ ಹಸಿರಾಗೇ ಇರುತ್ತದೆ, ಮುಖ ಮುಖದ ಬಣ್ಣಕ್ಕೆ ಬರುತ್ತದೆ.