ಕೆನಡಿ ಕೊಲೆ: ಅನುಮಾನ ಯಾಕೆ ಹೋಗಿಲ್ಲ?

ಪ್ರಶ್ನೆ: ಅಮೆರಿಕದ ಅಧ್ಯಕ್ಷ ಕೆನಡಿಯನ್ನು ಲೀ ಹಾರ್ವೆ ಆಸ್ವಾಲ್ಡ್ ಒಬ್ಬನೇ ಕೊಂದ ಅಂತ, ಕೊಲೆಯ ತನಿಖೆಗೆ ಸರ್ಕಾರ ನೇಮಿಸಿದ ವಾರನ್ ಆಯೋಗ 1964ರಲ್ಲೇ ಹೇಳಿದೆ. ಆದರೂ ಅಮೆರಿಕದ ಎಷ್ಟೋ ಜನ ಯಾಕೆ ನಂಬುವುದಿಲ್ಲ ಸರ್?

ಉತ್ತರ: ಅವರು ಸುಮ್ನೆ ಅನುಮಾನ ಪಡುತ್ತಿಲ್ಲ. ಡಲ್ಲಾಸ್‌ನಲ್ಲಿ 1963ರ ನವೆಂಬರ್ 22ಕ್ಕೆ ಕೊಲೆ ಆಯಿತು. ಎರಡೇ ದಿನಕ್ಕೆ, ಪೊಲೀಸರ ವಶದಲ್ಲಿದ್ದ ಆಸ್ವಾಲ್ಡ್‌ನನ್ನೇ ಜ್ಯಾಕ್ ರೂಬಿ ಎಂಬ ನೈಟ್‌ಕ್ಲಬ್ ಮಾಲೀಕ ಗುಂಡಿಟ್ಟು ಕೊಂದ, ಅದೂ ಟಿವಿ ನೇರ ಪ್ರಸಾರದಲ್ಲಿ. ಹಾಗಾಗಿ ಆಸ್ವಾಲ್ಡ್‌ನ ಕೋರ್ಟ್ ವಿಚಾರಣೆಯೇ ನಡೆಯಲಿಲ್ಲ. ಕ್ಯೂಬಾದ ನಾಯಕ ಕ್ಯಾಸ್ಟ್ರೋನನ್ನು ಕೊಲ್ಲಲು ತಾನು ನಡೆಸಿದ ಸಂಚುಗಳನ್ನು ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ, ವಾರನ್ ಆಯೋಗಕ್ಕೆ ತಿಳಿಸಲೇ ಇಲ್ಲ, ನನಗೆ ಎಲ್ಲಕ್ಕಿಂತ ದೊಡ್ಡ ತಪ್ಪು ಅನ್ನಿಸುವುದು ಇದೇ, ಯಾಕೆಂದರೆ ಇಷ್ಟು ಬಚ್ಚಿಟ್ಟವರು ಇನ್ನೇನು ಬಚ್ಚಿಟ್ಟರೋ ಅಂತ ಜನ ಕೇಳುವುದು ನ್ಯಾಯವೇ ಅಲ್ವಾ? 1979ರಲ್ಲಿ ಅಲ್ಲಿನ ಸಂಸತ್ತಿನ ಸಮಿತಿಯೇ ಇನ್ನೊಬ್ಬ ಗುಂಡು ಹಾರಿಸಿದ ಸದ್ದು ಇದೆ ಎನ್ನಲಾದ ಪೊಲೀಸ್ ರೇಡಿಯೊ ಧ್ವನಿಮುದ್ರಣ ನಂಬಿ, ಬಹುಶಃ ಸಂಚು ಇತ್ತು ಎಂದಿತು. ಆ ಸಾಕ್ಷ್ಯ ನಿಲ್ಲುವುದಿಲ್ಲ ಎಂದು 1982ರಲ್ಲಿ ವಿಜ್ಞಾನಿಗಳು ತೋರಿಸಿದರು. ಇನ್ನೊಬ್ಬ ಹಂತಕನಿದ್ದ ಅನ್ನಲು ಗಟ್ಟಿ ಪುರಾವೆ ಇವತ್ತಿಗೂ ಸಿಕ್ಕಿಲ್ಲ.